ಭೂದಾಖಲೆ ಮತ್ತು ಉಯಿಲುಗಳಲ್ಲಿ ಕ್ವೇಕರ್ ವಂಶದ ಜಾಡು

ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಜಾರ್ಜ್ ಫಾಕ್ಸ್ ಅವರ ಬೋಧನೆಯಿಂದ ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡ ಕ್ವೇಕರ್ ಪಂಥದವರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲ. ಆದ್ದರಿಂದ ಊರ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅವರ ಮಕ್ಕಳ ಹೆಸರು ಸಿಗುವುದಿಲ್ಲ. ಪಾದ್ರಿಯ ಮುಂದೆ ನಿಂತು ಮದುವೆಯಾಗುವುದು ಅವರಲ್ಲಿ ತಪ್ಪೆನಿಸಿಕೊಂಡಿದ್ದರಿಂದ ಚರ್ಚಿನ ವಿವಾಹ ದಾಖಲೆಯಲ್ಲಿಯೂ ಅವರಿಲ್ಲ. ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದನ್ನು ಅವರು ಆಡಂಬರವೆಂದು ಬಗೆದಿದ್ದರು. ಬ್ರಿಟನ್ನಿನ ಕ್ವೇಕರರಲ್ಲಿ ಸರಳವಾದ ಕಲ್ಲಿಗೆ ಒಪ್ಪಿಗೆ ಸಿಕ್ಕಿದ್ದೇ 1850ರಲ್ಲಿ. ಹೀಗೆ, ಸಾಮಾನ್ಯ ಇಂಗ್ಲಿಷ್ ಕುಟುಂಬವೊಂದರ ವಂಶಾವಳಿ ಹುಡುಕುವವರು ಮೊದಲು ಕೈಚಾಚುವ ಮೂರು ಆಧಾರಗಳೂ ಕ್ವೇಕರರ ವಿಷಯದಲ್ಲಿ ಇಲ್ಲವಾಗುತ್ತವೆ.

ಅದಕ್ಕೆ ಬದಲಾಗಿ ಅವರು ಬಿಟ್ಟುಹೋದದ್ದು ತಮ್ಮ ಮಾಸಿಕ ಸಭೆಗಳ ನಡಾವಳಿ ಪುಸ್ತಕಗಳನ್ನು. ಯಾರು ಯಾರನ್ನು ಮದುವೆಯಾಗಲು ಬಯಸಿದ್ದಾರೆ, ಯಾರು ಯಾವ ಊರಿಗೆ ಹೊರಟಿದ್ದಾರೆ, ಯಾರು ಶಿಸ್ತು ಮೀರಿದ್ದಾರೆ ಎಂಬುದನ್ನೆಲ್ಲ ಈ ಪುಸ್ತಕಗಳಲ್ಲಿ ತಿಂಗಳು ತಿಂಗಳೂ ಬರೆದಿಡುತ್ತಿದ್ದರು. ಈ ನಡಾವಳಿಗಳು ಅಮೂಲ್ಯವಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಬರೆದುಕೊಂಡದ್ದು ಸಭೆಗೆ ಸಂಬಂಧಿಸಿದ ವಿಷಯವನ್ನು ಮಾತ್ರ. ತಂದೆ ಯಾರು, ತಾಯಿ ಯಾರು ಎಂಬುದನ್ನು ಅವು ಎಷ್ಟೋ ಕಡೆ ಹೇಳುವುದೇ ಇಲ್ಲ. ಸದಸ್ಯನೊಬ್ಬನನ್ನು ಸಭೆ ಹೊರಹಾಕಿದ ದಿನದಿಂದ ಅವನ ಮಟ್ಟಿಗೆ ಆ ಪುಸ್ತಕ ಮುಚ್ಚಿಹೋಗುತ್ತದೆ. ಜಮೀನು ಹಾಗಲ್ಲ. ಅದು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗಬೇಕಾದರೆ ಯಾವ ಹಕ್ಕಿನಿಂದ ಹೋಗುತ್ತಿದೆ, ಕೊಡುವವನಿಗೆ ಅದು ಯಾರಿಂದ ಬಂತು, ಅವನ ಹೆಂಡತಿ ಯಾರು, ಒಡಹುಟ್ಟಿದವರು ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದಾರೆಯೇ ಎಂಬುದನ್ನು ಕಾಗದದ ಮೇಲೆ ಹೇಳಲೇಬೇಕಾಗಿತ್ತು, ಹೇಳದಿದ್ದರೆ ಕೊಂಡವನ ಹಕ್ಕು ನಿಲ್ಲುತ್ತಿರಲಿಲ್ಲ. ಆದ್ದರಿಂದ ಕ್ವೇಕರ್ ವಂಶವೊಂದನ್ನು ಗಟ್ಟಿಯಾಗಿ ಕಟ್ಟಬೇಕೆಂದರೆ ಸಭೆಯ ಪುಸ್ತಕ, ಕ್ರಯಪತ್ರ, ಉಯಿಲು ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಅದರಲ್ಲೂ ಉಯಿಲನ್ನು ಜಮೀನಿನ ಪತ್ರವಿಲ್ಲದೆ ಒಂಟಿಯಾಗಿ ಓದಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದಲ್ಲಿ ಕ್ವೇಕರರ ಭೂದಾಖಲೆ ಇಷ್ಟು ಸಮೃದ್ಧವಾಗಿರುವುದಕ್ಕೆ ಒಂದು ಐತಿಹಾಸಿಕ ಕಾರಣವಿದೆ. ಇಂಗ್ಲೆಂಡಿನಲ್ಲಿ 1662ರ ಕ್ವೇಕರ್ ಕಾಯ್ದೆ ಮತ್ತು 1664ರ ಸಭಾನಿಷೇಧ ಕಾಯ್ದೆಯ ಅಡಿಯಲ್ಲಿ ಜೈಲು, ದಂಡ, ಜಪ್ತಿಗಳನ್ನು ಅನುಭವಿಸಿದ ಈ ಜನರಿಗೆ, ಅವರಲ್ಲೇ ಒಬ್ಬರಾಗಿದ್ದ ವಿಲಿಯಂ ಪೆನ್ ಅವರು 1681ರ ಮಾರ್ಚ್‌ನಲ್ಲಿ ಎರಡನೆಯ ಚಾರ್ಲ್ಸ್ ದೊರೆಯಿಂದ ಪೆನ್ಸಿಲ್ವೇನಿಯಾದ ಸನ್ನದು ಪಡೆದು, ಅಲ್ಲಿನ ಭೂಮಿಯನ್ನು ಮಾರಲು ಮುಂದಾದರು. 5,000 ಎಕರೆಗೆ 100 ಪೌಂಡ್ ಬೆಲೆ, ಅದರ ಮೇಲೆ ಪ್ರತಿ 100 ಎಕರೆಗೆ ವರ್ಷಕ್ಕೊಂದು ಶಿಲ್ಲಿಂಗ್ ಕಂದಾಯ. ಒಬ್ಬರಿಗೇ ಅಷ್ಟು ದುಡ್ಡು ಹೂಡಲಾಗದ ಕಡೆ ನೆಂಟರು, ಒಂದೇ ಸಭೆಗೆ ಸೇರಿದವರು ಕೂಡಿಕೊಂಡು ಕೊಂಡರು. ವೇಲ್ಸಿನ ಕ್ವೇಕರರು ಹೀಗೆಯೇ ಗುಂಪುಗುಂಪಾಗಿ ಕೊಂಡು, 40,000 ಎಕರೆಯ ‘ವೆಲ್ಷ್ ಟ್ರ್ಯಾಕ್ಟ್’ ತಮಗೆಂದೇ ಇರಬೇಕೆಂದು ಪೆನ್ ಅವರಿಂದ ಮಾತು ಪಡೆದುಕೊಂಡಿದ್ದರು. ಹಡಗು ಹತ್ತುವ ಮೊದಲೇ ಇಂಗ್ಲೆಂಡಿನಲ್ಲಿ ಬರೆಯಿಸಿಕೊಂಡ ಈ ಮೊದಲ ಖರೀದಿಯ ಪತ್ರಗಳಲ್ಲಿ ಕೊಂಡವನ ಊರು, ಕೌಂಟಿ (ಜಿಲ್ಲೆ), ಕಸುಬು ಮೂರನ್ನೂ ನಮೂದಿಸಿರುತ್ತಾರೆ. ಪೂರ್ವಜರು ಇಂಗ್ಲೆಂಡಿನ ಯಾವ ಮೂಲೆಯಿಂದ ಬಂದರು ಎಂಬ ಪ್ರಶ್ನೆಗೆ ಎಷ್ಟೋ ಕುಟುಂಬಗಳಿಗೆ ಸಿಕ್ಕಿರುವ ಏಕೈಕ ಉತ್ತರ ಆ ಒಂದು ಸಾಲಿನಲ್ಲಿದೆ.

ಈ ಪತ್ರಗಳು ಬಹುಮಟ್ಟಿಗೆ ಜೋಡಿಯಾಗಿರುತ್ತವೆ. ಮೊದಲನೆಯ ದಿನ ಐದು ಶಿಲ್ಲಿಂಗಿಗೆ ಒಂದು ವರ್ಷದ ಗುತ್ತಿಗೆ, ಮರುದಿನ ನಿಜವಾದ ಬೆಲೆಗೆ ಪೂರ್ಣ ಹಕ್ಕಿನ ಬಿಡುಗಡೆ. ಜಮೀನಿನ ಮೇಲೆಯೇ ನಿಂತು ಸ್ವಾಧೀನ ಕೊಡಬೇಕೆಂಬ ಹಳೆಯ ವಿಧಿಯನ್ನು ತಪ್ಪಿಸಲು ವಕೀಲರು ಕಂಡುಕೊಂಡಿದ್ದ ದಾರಿ ಅದು. ಇದು ತಿಳಿಯದವರು ಗುತ್ತಿಗೆಯ ಪತ್ರವನ್ನಷ್ಟೇ ನೋಡಿ, ತಮ್ಮ ಪೂರ್ವಜ ಗೇಣಿದಾರನಾಗಿದ್ದನೆಂದು ತೀರ್ಮಾನಿಸುವ ಅಪಾಯವಿದೆ.

ಪೆನ್ಸಿಲ್ವೇನಿಯಾದಲ್ಲಿ ಸರ್ಕಾರಿ ಭೂಮಿ ಖಾಸಗಿ ಕೈಗೆ ಬರುವ ಕ್ರಮದಲ್ಲಿ ಐದು ಹಂತಗಳಿದ್ದವು. ಮೊದಲು ಅರ್ಜಿ; ಅರ್ಜಿ ಒಪ್ಪಿಗೆಯಾದರೆ ಅಳತೆ ಮಾಡಿಕೊಡುವಂತೆ ಆದೇಶ, ಇದನ್ನು ವಾರಂಟ್ ಎನ್ನುತ್ತಿದ್ದರು; ಆಮೇಲೆ ಮೋಜಣಿದಾರನ ಸರ್ವೆ; ಸರ್ವೆಯನ್ನು ಭೂಕಚೇರಿಗೆ ಒಪ್ಪಿಸುವ ವರದಿ; ಎಲ್ಲ ಹಣ ತುಂಬಿದ ಮೇಲೆ ಪೇಟೆಂಟ್, ಅಂದರೆ ಅಂತಿಮ ಹಕ್ಕುಪತ್ರ. ಹುಡುಕುವವರು ಗಮನಿಸಬೇಕಾದದ್ದು ಈ ಹಂತಗಳ ನಡುವಿನ ಅಂತರವನ್ನು. ವಾರಂಟ್ ಪಡೆದವನು ಹೊಲ ಉತ್ತು, ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ ಸತ್ತಿರಬಹುದು. ಪೇಟೆಂಟ್ ಮೂವತ್ತು ನಲವತ್ತು ವರ್ಷಗಳ ನಂತರ ಅವನ ಮೊಮ್ಮಗನ ಹೆಸರಿಗೋ ಎರಡು ಕೈ ದಾಟಿ ಕೊಂಡವನ ಹೆಸರಿಗೋ ಆಗಿರಬಹುದು. ಹಾಗೆ ತಡವಾದ ಪೇಟೆಂಟಿನ ಪೀಠಿಕೆಯಲ್ಲಿ, ವಾರಂಟ್ ಇಂಥವನ ಹೆಸರಿಗೆ ಆಗಿತ್ತು, ಅವನು ಉಯಿಲಿನ ಮೂಲಕ ಇಂಥ ಮಗನಿಗೆ ಬಿಟ್ಟ, ಆ ಮಗ ಮತ್ತು ಅವನ ಹೆಂಡತಿ ಇಂಥ ದಿನ ಇಂಥವನಿಗೆ ಮಾರಿದರು ಎಂದು ನಡುವಿನ ಕೊಂಡಿಗಳನ್ನೆಲ್ಲ ಸಾಲಾಗಿ ಹೇಳಿರುತ್ತಾರೆ. ಮೂರು ತಲೆಮಾರಿನ ಸಂಬಂಧ ಒಂದೇ ಪುಟದಲ್ಲಿ ಸಿಗುವ ಕಾಗದಗಳಲ್ಲಿ ಇದೂ ಒಂದು. ವಿಲಿಯಂ ಪೆನ್ 1718ರಲ್ಲಿ ತೀರಿಕೊಂಡ ಮೇಲೆ ಆಸ್ತಿಯ ವಿವಾದದಿಂದಾಗಿ 1732ರವರೆಗೆ ಭೂಕಚೇರಿಯ ವಹಿವಾಟು ಹೆಚ್ಚುಕಡಿಮೆ ನಿಂತೇಹೋಗಿತ್ತು. ಆ ವರ್ಷಗಳಲ್ಲಿ ಬಂದು ನೆಲೆಸಿದವರ ಹೆಸರು ವಾರಂಟ್ ಪಟ್ಟಿಯಲ್ಲಿ ಸಿಗದಿದ್ದರೆ ಅವರು ಅಲ್ಲಿ ಇರಲಿಲ್ಲವೆಂದು ಅರ್ಥವಲ್ಲ. ಅಂಥವರಿಗಾಗಿ ತೆರಿಗೆ ಪಟ್ಟಿಗಳನ್ನು ನೋಡಬೇಕು.

ಸರ್ವೆಯ ನಕ್ಷೆ ನಮ್ಮ ಕಡೆಯ ಓದುಗರಿಗೆ ಬೇಗ ಅರ್ಥವಾಗುವಂಥದ್ದು, ಏಕೆಂದರೆ ಅದು ಹೆಚ್ಚುಕಡಿಮೆ ನಮ್ಮ ಕ್ರಯಪತ್ರಗಳ ಚೆಕ್ಕುಬಂದಿಯೇ. ಬಿಳಿ ಓಕ್ ಮರದಿಂದ ಹೊರಟು, ಈಶಾನ್ಯದ ಕಡೆಗೆ ಇಷ್ಟು ಪರ್ಚ್ ನಡೆದು ಹಿಕರಿ ಮರವನ್ನು ಮುಟ್ಟಿ, ಅಲ್ಲಿಂದ ಇಂಥವರ ಜಮೀನಿನ ಅಂಚಿನಲ್ಲಿ ಇಷ್ಟು ದೂರ ಸಾಗಿ, ಹಳ್ಳದ ದಂಡೆಯ ಗುರುತುಕಲ್ಲಿಗೆ ಬಂದು, ಮತ್ತೆ ಹೊರಟ ಮರಕ್ಕೆ ಸೇರುವುದು ಎಂಬ ಧಾಟಿ ಅದರದು. ಒಂದು ಪರ್ಚ್ ಎಂದರೆ ಹದಿನಾರೂವರೆ ಅಡಿ, ನಾಲ್ಕು ಪರ್ಚ್ ಸೇರಿದರೆ 66 ಅಡಿಯ ಗುಂಟರ್ ಸರಪಳಿ. ನಮ್ಮ ಗುಂಟೆಯ ಅಳತೆಯೂ ಇದೇ ಲೆಕ್ಕಕ್ಕೆ ಕೂಡಿಬರುತ್ತದೆ: 33 ಅಡಿ ಉದ್ದ 33 ಅಡಿ ಅಗಲದ ಒಂದು ಗುಂಟೆ ಸರಿಯಾಗಿ 4 ಚದರ ಪರ್ಚ್, 160 ಚದರ ಪರ್ಚ್ ಅಥವಾ 40 ಗುಂಟೆ ಸೇರಿದರೆ ಒಂದು ಎಕರೆ. ಪೆನ್ಸಿಲ್ವೇನಿಯಾದ ಸರ್ವೆಗಳಲ್ಲಿ ರಸ್ತೆಗಳಿಗೆಂದು ನೂರಕ್ಕೆ ಆರು ಎಕರೆ ಹೆಚ್ಚುವರಿ ಬಿಡುವ ಪದ್ಧತಿಯಿತ್ತು. ಹಾಗಾಗಿ ಪತ್ರದಲ್ಲಿ ಬರೆದ ವಿಸ್ತೀರ್ಣವೂ ನಕ್ಷೆಯಿಂದ ಎಣಿಸಿದ ವಿಸ್ತೀರ್ಣವೂ ಕೂಡದಿದ್ದರೆ ಅದನ್ನು ಬೇರೆ ಜಮೀನೆಂದು ತಿಳಿಯಬಾರದು. ಮೊದಮೊದಲಿನ ಅಳತೆಗಳಂತೂ ಇನ್ನೂ ಸಡಿಲವಾಗಿದ್ದವು. ವೇಲ್ಸಿನ ಕ್ವೇಕರರು 1698ರಲ್ಲಿ ಕೊಂಡ ಗ್ವಿನೆಡ್ ಪ್ರದೇಶ ಪತ್ರದ ಪ್ರಕಾರ 7,820 ಎಕರೆ. ಕೆಲವು ವರ್ಷಗಳ ನಂತರ ಮತ್ತೆ ಅಳೆದಾಗ ಅದು 11,000 ಎಕರೆಗೂ ಹೆಚ್ಚಿತ್ತು.

ನಕ್ಷೆಯ ಅಂಚುಗಳಲ್ಲಿ ಬರೆದಿರುವ ನೆರೆಯವರ ಹೆಸರುಗಳನ್ನು ಒಂದನ್ನೂ ಬಿಡದೆ ಬರೆದಿಟ್ಟುಕೊಳ್ಳಬೇಕು. ಕ್ವೇಕರರು ಪಂಥದೊಳಗೇ ಮದುವೆಯಾಗಬೇಕಿತ್ತು, ವಾರಕ್ಕೆರಡು ಸಲ ಸೇರುವ ಸಭಾಮಂದಿರ ನಡಿಗೆಯ ಅಥವಾ ಕುದುರೆ ಸವಾರಿಯ ದೂರದಲ್ಲಿರಬೇಕಿತ್ತು. ಇದರಿಂದಾಗಿ ಪಕ್ಕದ ಜಮೀನಿನವನು ಮಾವನೋ, ಭಾವನೋ, ಹೆಂಡತಿಯ ಮಲತಂದೆಯೋ ಆಗಿರುವ ಸಂಭವ ಬೇರೆ ಸಮುದಾಯಗಳಿಗಿಂತ ಇಲ್ಲಿ ಹೆಚ್ಚು. ಹೆಂಡತಿಯ ತವರಿನ ಹೆಸರು ಗೊತ್ತಿಲ್ಲದಿದ್ದಾಗ, ಮೊದಲು ಹುಡುಕಬೇಕಾದದ್ದು ನಾಲ್ಕು ದಿಕ್ಕಿನ ನೆರೆಯವರ ಉಯಿಲುಗಳಲ್ಲಿ.

ಮೊದಲ ಹಕ್ಕುಪತ್ರದ ನಂತರ ಜಮೀನು ಕೈಬದಲಾಗುವುದು ಖಾಸಗಿ ಪತ್ರಗಳ ಮೂಲಕ. ಅವು ಆಯಾ ಕೌಂಟಿಯ ನೋಂದಣಿ ಕಚೇರಿಯಲ್ಲಿರುತ್ತವೆ. ಅಲ್ಲಿ ಕೊಟ್ಟವರ ಹೆಸರಿನ ಸೂಚಿ ಒಂದು, ಕೊಂಡವರ ಹೆಸರಿನ ಸೂಚಿ ಇನ್ನೊಂದು. ಪೂರ್ವಜನ ಹೆಸರನ್ನು ಕೊಂಡವರ ಸೂಚಿಯಲ್ಲಿ ನೋಡಿ ಸಿಗಲಿಲ್ಲವೆಂದು ಬಿಡುವವರು ಹಲವರು. ಆದರೆ ತಂದೆಯಿಂದ ಮಗನಿಗೆ ಬಂದ ಜಮೀನಿಗೆ ಎಷ್ಟೋ ಸಲ ಪತ್ರವೇ ಇರುವುದಿಲ್ಲ, ಅಥವಾ ಇದ್ದ ಪತ್ರವನ್ನು ಯಾರೂ ನೋಂದಾಯಿಸಿರುವುದಿಲ್ಲ. ಅವನೋ ಅವನ ಮಕ್ಕಳೋ ಅದನ್ನು ಹೊರಗಿನವರಿಗೆ ಮಾರುವಾಗ ಮಾತ್ರ ಹಿಂದಿನ ಕಥೆಯೆಲ್ಲ ಹೊರಬೀಳುತ್ತದೆ. ಆದ್ದರಿಂದ ಕೊಟ್ಟವರ ಸೂಚಿಯನ್ನು ಆತ ಸತ್ತ ಮೇಲೆಯೂ ಕನಿಷ್ಠ ಮೂವತ್ತು ವರ್ಷ ಮುಂದಕ್ಕೆ ನೋಡುತ್ತಾ ಹೋಗಬೇಕು. ಪತ್ರ ಸಿಕ್ಕಮೇಲೆ ಓದುವವರ ಕಣ್ಣು ಬೆಲೆಗೂ ಎಕರೆಗೂ ಓಡುವುದು ಸಹಜ, ಆದರೆ ವಂಶಾವಳಿಯ ಸಾರವಿರುವುದು ‘ಆದಕಾರಣ’ ಎಂದು ತೊಡಗುವ ಪೀಠಿಕೆಯ ಉದ್ದನೆಯ ವಾಕ್ಯಗಳಲ್ಲಿ. ಬೆಲೆ ತೀರ ಅಲ್ಪವಾಗಿದ್ದು, ಐದು ಶಿಲ್ಲಿಂಗ್ ಮತ್ತು ‘ಸಹಜ ಪ್ರೀತಿ ವಾತ್ಸಲ್ಯ’ಕ್ಕಾಗಿ ಕೊಟ್ಟದ್ದೆಂದು ಬರೆದಿದ್ದರೆ ಅದು ದಾನಪತ್ರ, ಕೊಟ್ಟವನಿಗೂ ಪಡೆದವನಿಗೂ ರಕ್ತಸಂಬಂಧವೋ ಮದುವೆಯ ಸಂಬಂಧವೋ ಇರುತ್ತದೆ. ಪತ್ರದ ಕೊನೆಯಲ್ಲಿ ಹೆಂಡತಿಯ ಸಹಿ ಅಥವಾ ಗುರುತು ಇದೆಯೇ ಎಂಬುದನ್ನೂ ನೋಡಬೇಕು. ಗಂಡನ ಜಮೀನಿನಲ್ಲಿ ವಿಧವೆಗೆ ಮೂರನೆಯ ಒಂದು ಪಾಲಿನ ಜೀವಿತಾವಧಿಯ ಹಕ್ಕಿದ್ದುದರಿಂದ, ಆಕೆ ಅದನ್ನು ಬಿಟ್ಟುಕೊಡದೆ ಕೊಂಡವನಿಗೆ ನೆಮ್ಮದಿಯಿರಲಿಲ್ಲ. ಒಬ್ಬನೇ ವ್ಯಕ್ತಿ 1740ರಲ್ಲಿ ಮೇರಿಯೊಡನೆಯೂ 1752ರಲ್ಲಿ ಹನ್ನಾಳೊಡನೆಯೂ ಸಹಿ ಮಾಡಿದ್ದರೆ, ಈ ಹನ್ನೆರಡು ವರ್ಷಗಳ ನಡುವೆ ಒಂದು ಸಾವು ಮತ್ತು ಒಂದು ಮರುಮದುವೆ ನಡೆದಿದೆ ಎಂದು ಊಹಿಸಿ, ಅದೇ ಅವಧಿಯ ಸಭಾ ನಡಾವಳಿಯನ್ನು ಹುಡುಕಬಹುದು.

ಇನ್ನು ಉಯಿಲು. ಇಂಗ್ಲೆಂಡಿನಲ್ಲಿ 1858ರ ಜನವರಿಯವರೆಗೆ ಉಯಿಲುಗಳನ್ನು ಸಿದ್ಧಪಡಿಸುವ, ಅಂದರೆ ಬರೆದವನು ಸತ್ತ ಮೇಲೆ ಅವು ಸಿಂಧುವೆಂದು ಸ್ಥಿರಪಡಿಸುವ, ಅಧಿಕಾರ ಚರ್ಚಿನ ನ್ಯಾಯಾಲಯಗಳಿಗಿತ್ತು, ಮತ್ತು ಕಾರ್ಯನಿರ್ವಾಹಕನು ಪ್ರಮಾಣ ಮಾಡಬೇಕಿತ್ತು. ಆಣೆಯಿಡುವುದು ಬೈಬಲಿನ ಮಾತಿಗೆ ವಿರುದ್ಧವೆಂದು ನಂಬಿದ ಕ್ವೇಕರರಿಗೆ ಇದು ದೊಡ್ಡ ತೊಡಕಾಗಿತ್ತು. 1696ರ ಕಾಯ್ದೆ ಅವರಿಗೆ ಆಣೆಯ ಬದಲು ಗಂಭೀರ ದೃಢೀಕರಣಕ್ಕೆ ಅವಕಾಶ ಕೊಟ್ಟ ಮೇಲೆ ಪರಿಸ್ಥಿತಿ ಸುಧಾರಿಸಿತು. ಈ ವ್ಯತ್ಯಾಸ ಹುಡುಕುವವರಿಗೆ ನೆರವಾಗುತ್ತದೆ. ಕಾರ್ಯನಿರ್ವಾಹಕರೂ ಸಾಕ್ಷಿಗಳೂ ‘ಪ್ರಮಾಣ ಮಾಡಿದರು’ ಎಂದಿಲ್ಲದೆ ‘ದೃಢೀಕರಿಸಿದರು’ ಎಂದಿದ್ದರೆ ಅವರು ಕ್ವೇಕರರಾಗಿರುವ ಸಾಧ್ಯತೆ ಬಲವಾಗಿರುತ್ತದೆ. ನಾಲ್ವರಲ್ಲಿ ಇಬ್ಬರು ಆಣೆಯಿಟ್ಟು ಇಬ್ಬರು ದೃಢೀಕರಿಸಿದ್ದರೆ, ಕುಟುಂಬದ ಒಂದು ಕವಲು ಪಂಥದಿಂದ ದೂರ ಸರಿದಿರಬಹುದೇ ಎಂದು ಪರೀಕ್ಷಿಸಬೇಕು. ಇಬ್ಬರು ಮೂವರು ಮಿತ್ರರನ್ನು ಉಯಿಲಿನ ಮೇಲ್ವಿಚಾರಕರೆಂದು ನೇಮಿಸುವುದು, ಮಾಸಿಕ ಸಭೆಯ ಬಡವರಿಗೆಂದೋ ಸ್ಮಶಾನಕ್ಕೆ ಬೇಲಿ ಹಾಕಿಸಲೆಂದೋ ಒಂದಿಷ್ಟು ಹಣ ಬಿಡುವುದು ಇವೂ ಕ್ವೇಕರ್ ಉಯಿಲಿನ ಗುರುತುಗಳು. ಯಾವ ಸಭೆಗೆ ಹಣ ಬಿಟ್ಟಿದ್ದಾನೋ ಆ ಸಭೆಯ ಪುಸ್ತಕವನ್ನೇ ಮುಂದೆ ತೆರೆಯಬೇಕು.

ಉಯಿಲಿನ ಬಗ್ಗೆ ಎಲ್ಲರೂ ಮಾಡಿಕೊಳ್ಳುವ ಒಂದು ಕಲ್ಪನೆಯೆಂದರೆ ಅದು ಮಕ್ಕಳ ಪಟ್ಟಿ ಎಂಬುದು. ಅದು ಪಟ್ಟಿಯಲ್ಲ, ಸಾಯುವ ಹೊತ್ತಿಗೆ ಇನ್ನೂ ಹಂಚದೆ ಉಳಿದ ಆಸ್ತಿಯ ವಿಲೇವಾರಿ. ಮದುವೆಯಾಗಿ ಬೇರೆ ಹೋದ ಹಿರಿಯ ಮಗನಿಗೆ ತಂದೆ ಇಪ್ಪತ್ತು ವರ್ಷ ಮೊದಲೇ ದಾನಪತ್ರದ ಮೂಲಕ ಜಮೀನು ಕೊಟ್ಟಿದ್ದರೆ, ಉಯಿಲಿನಲ್ಲಿ ಅವನ ಹೆಸರು ಬರದೇ ಇರಬಹುದು, ಅಥವಾ ಒಂದು ಶಿಲ್ಲಿಂಗ್ ಮಾತ್ರ ಬರೆದಿರಬಹುದು. ಆ ಒಂದು ಶಿಲ್ಲಿಂಗನ್ನು ತಂದೆಮಗನ ಜಗಳದ ಸಾಕ್ಷಿಯೆಂದು ಓದುವವರಿದ್ದಾರೆ. ಬಹಳ ಸಲ ಅದು, ಇವನ ಪಾಲು ಇವನಿಗೆ ಸೇರಿಯಾಗಿದೆ, ಮತ್ತೆ ಕೇಳುವಂತಿಲ್ಲ ಎಂಬ ಕಾನೂನಿನ ಮುದ್ರೆ ಮಾತ್ರ. ಹೀಗೆ ಉಯಿಲಿನ ಮೌನಕ್ಕೆ ಉತ್ತರ ಕ್ರಯಪತ್ರಗಳ ಪುಸ್ತಕದಲ್ಲಿರುತ್ತದೆ. ಉಯಿಲಿನಲ್ಲಿ ನಾಲ್ವರು ಮಕ್ಕಳು ಮಾತ್ರ ಕಂಡರೆ, ಅವನು ಬದುಕಿದ್ದಾಗ ಮಾಡಿದ ಪತ್ರಗಳಲ್ಲಿ ಇನ್ನೂ ಇಬ್ಬರು ಮೂವರು ಸಿಗುವುದು ಅಪರೂಪವಲ್ಲ. ಇದರ ಜೊತೆಗೆ ಆ ಕಾಲದ ಸಂಬಂಧವಾಚಕಗಳ ವಿಷಯದಲ್ಲಿಯೂ ಎಚ್ಚರ ಬೇಕು: ಅಣ್ಣನ ಮಗನನ್ನು ‘ಕಸಿನ್’ ಎಂದು, ಹೆಂಡತಿಯ ಮೊದಲ ಗಂಡನ ಮಗನನ್ನು ‘ಸನ್ ಇನ್ ಲಾ’ ಎಂದು ಬರೆಯುವುದು ರೂಢಿಯಾಗಿತ್ತು, ‘ಜೂನಿಯರ್’ ಎನ್ನುವುದು ಅದೇ ಊರಿನ ಅದೇ ಹೆಸರಿನ ಕಿರಿಯನಿಗೆ, ಅವನು ಮಗನೇ ಆಗಬೇಕೆಂದಿರಲಿಲ್ಲ.

ಉಯಿಲು ಬರೆಯದೆ ಸತ್ತವರ ಕುಟುಂಬ ಕೆಲವೊಮ್ಮೆ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ ಎಂಬುದು ಹೊಸಬರಿಗೆ ಆಶ್ಚರ್ಯದ ಸಂಗತಿ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಜಮೀನೆಲ್ಲ ಹಿರಿಯ ಮಗನಿಗೆ. ಪೆನ್ಸಿಲ್ವೇನಿಯಾದಲ್ಲಿ ಹಾಗಿಲ್ಲದೆ ಎಲ್ಲ ಮಕ್ಕಳಿಗೂ ಪಾಲು, ಹಿರಿಯ ಮಗನಿಗೆ ಮಾತ್ರ ಎರಡು ಪಾಲು ಎಂಬ ನಿಯಮ 1794ರವರೆಗೂ ನಡೆಯಿತು. ಒಂದು ಹೊಲಮನೆಯನ್ನು ಏಳೆಂಟು ತುಂಡು ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಆಗ ‘ಆರ್ಫನ್ಸ್ ಕೋರ್ಟ್’ ಎಂಬ ನ್ಯಾಯಾಲಯ ನೆರೆಯವರಿಂದ ಬೆಲೆ ಕಟ್ಟಿಸಿ, ಹಿರಿಯ ಮಗನಿಗೋ ಅವನು ಒಲ್ಲೆನೆಂದರೆ ಮುಂದಿನವನಿಗೋ ಜಮೀನು ಒಪ್ಪಿಸಿ, ಉಳಿದವರಿಗೆ ಹಣ ಕೊಡಿಸುತ್ತಿತ್ತು. ಹಣ ಪಡೆದ ಪ್ರತಿಯೊಬ್ಬರೂ ಬಿಡುಗಡೆಪತ್ರ ಬರೆದುಕೊಡಬೇಕಾಗಿದ್ದರಿಂದ, ಮದುವೆಯಾದ ಹೆಣ್ಣುಮಕ್ಕಳ ಗಂಡಂದಿರ ಹೆಸರು, ತೀರಿಕೊಂಡ ಮಗನ ಮಕ್ಕಳ ಹೆಸರು ಮತ್ತು ವಯಸ್ಸು, ದೂರದ ಕ್ಯಾರೊಲೈನಾಕ್ಕೋ ಒಹಾಯೊಗೋ ವಲಸೆಹೋದವರ ಈಗಿನ ಊರು ಇವೆಲ್ಲ ಒಂದೇ ಕಡೆ ದೊರೆಯುತ್ತವೆ. ಕ್ವೇಕರ್ ಕುಟುಂಬದ ಹೆಣ್ಣುಮಗಳೊಬ್ಬಳು ಪಂಥದ ಹೊರಗೆ ಮದುವೆಯಾಗಿ ಸಭೆಯಿಂದ ಹೊರಬಿದ್ದ ಮೇಲೆ ಅವಳನ್ನು ಮತ್ತೆ ಹಿಡಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ.

ದಿನಾಂಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಎಡವಿದರೆ ಇಡೀ ವಂಶವೃಕ್ಷ ಓರೆಯಾಗುತ್ತದೆ. ವಾರದ ದಿನಗಳ ಮತ್ತು ತಿಂಗಳುಗಳ ಹೆಸರುಗಳಲ್ಲಿ ಅನ್ಯದೇವತೆಗಳ ನೆನಪಿದೆಯೆಂದು ಕ್ವೇಕರರು ಅವನ್ನು ಬಳಸದೆ ಅಂಕಿಗಳಲ್ಲಿ ಬರೆಯುತ್ತಿದ್ದರು. ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ 1752ಕ್ಕೆ ಮೊದಲು ಕಾನೂನಿನ ಹೊಸವರ್ಷ ತೊಡಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಅವರ ಮೊದಲನೆಯ ತಿಂಗಳು ಮಾರ್ಚ್, ಹತ್ತನೆಯದು ಡಿಸೆಂಬರ್, ಹನ್ನೆರಡನೆಯದು ಫೆಬ್ರವರಿ. ಉದಾಹರಣೆಗೆ, ಉಯಿಲೊಂದು 1718ರ ಹನ್ನೆರಡನೆಯ ತಿಂಗಳ 10ರಂದು ಬರೆದದ್ದಾಗಿದ್ದು, 1718ರ ಮೊದಲನೆಯ ತಿಂಗಳ 5ರಂದು ಸಿದ್ಧಪಟ್ಟಿತೆಂದು ಇರಲಿ. ಈಗಿನ ಲೆಕ್ಕದಲ್ಲಿ ಓದಿದರೆ ಬರೆಯುವ ಹನ್ನೊಂದು ತಿಂಗಳ ಮೊದಲೇ ಅದು ನ್ಯಾಯಾಲಯಕ್ಕೆ ಬಂದಂತಾಗುತ್ತದೆ. ನಿಜವಾಗಿ ಅದನ್ನು ಬರೆದದ್ದು ನಾವು 1719 ಎನ್ನುವ ವರ್ಷದ ಫೆಬ್ರವರಿಯಲ್ಲಿ, ಸಿದ್ಧಪಟ್ಟದ್ದು ಅದೇ 1719ರ ಮಾರ್ಚ್ 5ರಂದು; ಎರಡಕ್ಕೂ ನಡುವೆ ಒಂದು ತಿಂಗಳೂ ಇಲ್ಲ, ಆ ಅವಧಿಯಲ್ಲಿ ಉಯಿಲು ಬರೆದವನು ತೀರಿಕೊಂಡಿದ್ದಾನೆ. 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಗಿ ಹೊಸ ಪಂಚಾಂಗ ಬಂತು, ಆ ವರ್ಷದಿಂದ ಕ್ವೇಕರರ ಮೊದಲನೆಯ ತಿಂಗಳೂ ಜನವರಿಯಾಯಿತು. ಟಿಪ್ಪಣಿ ಮಾಡಿಕೊಳ್ಳುವಾಗ ದಾಖಲೆಯಲ್ಲಿದ್ದ ರೂಪವನ್ನು ಹಾಗೆಯೇ ಬರೆದುಕೊಂಡು, ನಮ್ಮ ಪರಿವರ್ತನೆಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುವುದು ಕ್ಷೇಮ.

ಇಷ್ಟನ್ನೂ ಒಂದು ನಿಜವಾದ ಕುಟುಂಬದ ಮೇಲೆ ಇಟ್ಟು ನೋಡಬಹುದು. ಕೆಂಟಕಿಯ ದಾರಿ ತೆರೆದ ಸಾಹಸಿಯೆಂದು ಅಮೆರಿಕದ ಚರಿತ್ರೆಯಲ್ಲಿ ಹೆಸರಾದ ಡೇನಿಯಲ್ ಬೂನ್ ಹುಟ್ಟಿದ್ದು ಕ್ವೇಕರ್ ಮನೆತನದಲ್ಲಿ. ಅವನ ಅಜ್ಜ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಪ್ರಾಂತದ ಬ್ರಾಡ್‌ನಿಂಚ್ ಊರಿನವನು. ಮೂವರು ಮಕ್ಕಳನ್ನು ಮುಂದಾಗಿ ಕಳುಹಿಸಿ, ತಾನು ಉಳಿದ ಕುಟುಂಬದೊಡನೆ 1717ರ ಶರತ್ಕಾಲದಲ್ಲಿ ಫಿಲಡೆಲ್ಫಿಯಾ ತಲುಪಿದ. ಗ್ವಿನೆಡ್ ಮಾಸಿಕ ಸಭೆಯ ನಡಾವಳಿಯಲ್ಲಿ, ಅವನು ಕಲಂಪ್ಟನ್ ಸಭೆಯಿಂದ ತಂದಿದ್ದ ಸನ್ನಡತೆಯ ಪ್ರಮಾಣಪತ್ರವನ್ನು ಓದಿ ಸ್ವೀಕರಿಸಿದ ದಾಖಲೆಯಿದೆ. ಆ ಒಂದು ನಮೂದು ಸಾಗರದ ಎರಡು ದಡಗಳನ್ನೂ ಜೋಡಿಸುತ್ತದೆ. ಅವನ ಮಗ ಸ್ಕ್ವಯರ್ ಬೂನ್ (ಅದು ಬಿರುದಲ್ಲ, ಇಟ್ಟ ಹೆಸರೇ) 1720ರ ಏಳನೆಯ ತಿಂಗಳಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ವೆಲ್ಷ್ ಕ್ವೇಕರ್ ಮನೆತನದ ಸಾರಾ ಮಾರ್ಗನ್‌ಳನ್ನು ಗ್ವಿನೆಡ್ ಸಭೆಯಲ್ಲಿ ಮದುವೆಯಾದ. ಕ್ವೇಕರ್ ವಿವಾಹಪತ್ರಕ್ಕೆ ನೆರೆದವರೆಲ್ಲ ಸಹಿ ಹಾಕುವ ಪದ್ಧತಿಯಿದ್ದು, ಹತ್ತಿರದ ನೆಂಟರು ಸಾಮಾನ್ಯವಾಗಿ ವಧೂವರರ ಹೆಸರಿನ ಕೆಳಗೇ ಸಹಿ ಮಾಡುತ್ತಿದ್ದುದರಿಂದ ಅಂಥ ಪತ್ರದಲ್ಲಿ ಎರಡು ಕುಟುಂಬಗಳೂ ಒಟ್ಟಿಗೆ ಕಾಣುತ್ತವೆ.

ಸ್ಕ್ವಯರ್ ಬೂನ್ 1730ರಲ್ಲಿ ಓಲಿ ಎಂಬಲ್ಲಿ 250 ಎಕರೆ ಕೊಂಡ. ಡೇನಿಯಲ್ ಹುಟ್ಟಿದ್ದು 1734ರಲ್ಲಿ ಆ ಜಮೀನಿನ ಮನೆಯಲ್ಲಿಯೇ. ಹಳೆಯ ಪಂಚಾಂಗದಂತೆ ಅಕ್ಟೋಬರ್ 22, ಹೊಸದರಂತೆ ನವೆಂಬರ್ 2. ಇಲ್ಲೊಂದು ಪಾಠವಿದೆ. ಆ ಜಮೀನು ಒಂದಂಗುಲವೂ ಕದಲದೆ, ಮೊದಲು ಫಿಲಡೆಲ್ಫಿಯಾ ಕೌಂಟಿಯ ಓಲಿ ಟೌನ್‌ಶಿಪ್ಪಿನಲ್ಲಿತ್ತು, 1741ರಲ್ಲಿ ಹೊಸದಾಗಿ ರಚನೆಯಾದ ಎಕ್ಸೆಟರ್ ಟೌನ್‌ಶಿಪ್ಪಿಗೆ ಸೇರಿತು, 1752ರಲ್ಲಿ ಬರ್ಕ್ಸ್ ಕೌಂಟಿ ಹುಟ್ಟಿದಾಗ ಅದರೊಳಗೆ ಹೋಯಿತು. ಇಂದಿನ ನಕ್ಷೆ ನೋಡಿ ಬರ್ಕ್ಸ್ ಕೌಂಟಿಯ ಕಚೇರಿಯಲ್ಲಿ 1730ರ ಪತ್ರ ಹುಡುಕಿದರೆ ಸಿಗುವುದು ಕಷ್ಟ. ಪ್ರತಿಯೊಂದು ದಾಖಲೆಯನ್ನೂ ಆ ದಿನ ಆ ಜಮೀನು ಯಾವ ಕೌಂಟಿಯಲ್ಲಿತ್ತೋ ಆ ಕೌಂಟಿಯಲ್ಲಿಯೇ ಹುಡುಕಬೇಕು.

ಎಕ್ಸೆಟರ್ ಸಭೆಯ ಪುಸ್ತಕಗಳ ಪ್ರಕಾರ ಸ್ಕ್ವಯರ್‌ನ ಮಗಳು ಸಾರಾ 1742ರಲ್ಲಿ ಪಂಥದ ಹೊರಗಿನವನನ್ನು ಮದುವೆಯಾದಳು, ತಂದೆ ಸಭೆಯ ಮುಂದೆ ತಪ್ಪೊಪ್ಪಿಕೊಂಡ. 1747ರಲ್ಲಿ ಮಗ ಇಸ್ರೇಲ್ ಕೂಡ ಹಾಗೆಯೇ ಮದುವೆಯಾದಾಗ ಸ್ಕ್ವಯರ್ ಮಣಿಯಲಿಲ್ಲ, 1748ರಲ್ಲಿ ಸಭೆ ಅವನನ್ನು ಹೊರಹಾಕಿತು. ನಡಾವಳಿಯ ಪುಸ್ತಕ ಇಲ್ಲಿಗೆ ಅವನ ಮಟ್ಟಿಗೆ ಮುಗಿಯಿತು. ಅದಷ್ಟನ್ನೇ ನೆಚ್ಚಿಕೊಂಡವರಿಗೆ ಈ ಕುಟುಂಬ ಎಲ್ಲಿಗೆ ಹೋಯಿತೆಂದು ತಿಳಿಯದು. ಮುಂದಿನದನ್ನು ಹೇಳುವುದು ಭೂದಾಖಲೆ. 1750ರಲ್ಲಿ ಅವನು ಹೊಲವನ್ನು ನೆಂಟ ವಿಲಿಯಂ ಮಾಗ್ರಿಜ್‌ಗೆ ಮಾರಿ ದಕ್ಷಿಣಕ್ಕೆ ಹೊರಟ. ಉತ್ತರ ಕ್ಯಾರೊಲೈನಾದ ಉತ್ತರಾರ್ಧದ ಭೂಮಿಯನ್ನು ಆಗ ಅರ್ಲ್ ಗ್ರಾನ್‌ವಿಲ್ ಅವರ ಭೂಕಚೇರಿ ಮಂಜೂರು ಮಾಡುತ್ತಿತ್ತು. ಯಾಡ್ಕಿನ್ ಕಣಿವೆಯಲ್ಲಿ 1753ರಲ್ಲಿ ಸ್ಕ್ವಯರ್ ಬೂನ್ ಹೆಸರಿಗೆ 640 ಎಕರೆಯ ಮಂಜೂರಾತಿ ಇದೆ. ಬೇರ್ ಕ್ರೀಕ್ ಎಂಬಲ್ಲಿದ್ದ ಜಮೀನನ್ನು ಅವನು 1759ರಲ್ಲಿ ಮಗ ಡೇನಿಯಲ್‌ನ ಹೆಸರಿಗೆ ಬರೆದುಕೊಟ್ಟ ಪತ್ರವೂ ಇದೆ. ಡೇನಿಯಲ್ 1756ರಲ್ಲಿ ಮದುವೆಯಾದ ರೆಬೆಕಾ ಬ್ರಯಾನ್, ಅದೇ ಕಣಿವೆಯಲ್ಲಿ ಜಮೀನು ಹಿಡಿದಿದ್ದ ಮಾರ್ಗನ್ ಬ್ರಯಾನ್‌ನ ಮೊಮ್ಮಗಳು. ನೆರೆಯವರ ಹೆಸರು ಬರೆದಿಟ್ಟುಕೊಳ್ಳಬೇಕೆಂದು ಮೇಲೆ ಹೇಳಿದ್ದಕ್ಕೆ ಇದೇ ನಿದರ್ಶನ.

ವೇಲ್ಸಿನ ಮೂಲದ ಕುಟುಂಬಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅವರಲ್ಲಿ ಸ್ಥಿರವಾದ ಮನೆತನದ ಹೆಸರಿರಲಿಲ್ಲ; ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುತ್ತಿತ್ತು. ಗ್ವಿನೆಡ್ ಕೊಂಡವರಲ್ಲಿ ಒಬ್ಬನಾದ ಥಾಮಸ್ ಆಪ್ ಇವಾನ್‌ನ ಮಕ್ಕಳು ಇವಾನ್ಸ್ ಎನಿಸಿಕೊಂಡರು, ಬೇರೆ ಮನೆಗಳಲ್ಲಿ ಇದೇ ಬದಲಾವಣೆ ಒಂದು ತಲೆಮಾರು ಮುಂಚೆಯೋ ತಡವಾಗಿಯೋ ಆಯಿತು. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇದ್ದಾಗ ಅವರನ್ನು ಬೇರ್ಪಡಿಸಲು ಇರುವ ಭದ್ರವಾದ ಉಪಾಯವೆಂದರೆ ಜಮೀನು: ಯಾವ ಜಮೀನು ಯಾರಿಂದ ಬಂದು ಯಾರಿಗೆ ಹೋಯಿತೆಂದು ಪ್ರತಿಯೊಂದರ ಸರಣಿಯನ್ನೂ ಬೇರೆಬೇರೆಯಾಗಿ ಬರೆದಿಟ್ಟರೆ, ಮನುಷ್ಯರೂ ತಾವಾಗಿಯೇ ಬೇರೆಬೇರೆಯಾಗಿ ನಿಲ್ಲುತ್ತಾರೆ.

ಈ ಕಾಗದಗಳನ್ನು ಓದುವಾಗ ಮನಸ್ಸಿಗೆ ನೋವಾಗುವ ಪುಟಗಳೂ ಎದುರಾಗುತ್ತವೆ, ಅವನ್ನು ದಾಟಿಹೋಗಬಾರದು. ಪೆನ್ ಅವರ ಮಾರಾಟಕ್ಕೂ ಮೊದಲು ಆ ಭೂಮಿ ಲೆನಾಪೆ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಪೆನ್ ಅವರ ಮಕ್ಕಳ ಕಾಲದಲ್ಲಿ, 1737ರ ‘ವಾಕಿಂಗ್ ಪರ್ಚೇಸ್’ ಎಂಬ ವ್ಯವಹಾರದಲ್ಲಿ ಆ ಜನರನ್ನು ವಂಚಿಸಿ ದೊಡ್ಡ ಪ್ರದೇಶವನ್ನು ಕಸಿದುಕೊಳ್ಳಲಾಯಿತು. ಕ್ವೇಕರರ ಆಸ್ತಿಪಟ್ಟಿಗಳಲ್ಲಿ ಹಸು, ಕುದುರೆ, ನೇಗಿಲುಗಳ ಸಾಲಿನಲ್ಲಿಯೇ ಗುಲಾಮರ ಹೆಸರು ಮತ್ತು ಬೆಲೆ ಬರೆದಿರುವುದುಂಟು. 1688ರಲ್ಲಿಯೇ ಜರ್ಮನ್‌ಟೌನ್‌ನ ಕೆಲವರು ಗುಲಾಮಗಿರಿಯನ್ನು ಪ್ರತಿಭಟಿಸಿ ಬರೆದಿದ್ದರೂ, ಫಿಲಡೆಲ್ಫಿಯಾದ ವಾರ್ಷಿಕ ಸಭೆ ಗುಲಾಮರನ್ನು ಇಟ್ಟುಕೊಂಡವರನ್ನು ಹೊರಹಾಕಲು ನಿರ್ಧರಿಸಿದ್ದು 1776ರಲ್ಲಿ. ಆ ಕಾಲದ ವಿಮೋಚನಾಪತ್ರಗಳು ಸಭೆಗಳ ಕಡತಗಳಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಬಿಡುಗಡೆಯಾದವರ ಹೆಸರು, ಎಷ್ಟೋ ಕಡೆ ವಯಸ್ಸು ಸಹ ಇದೆ. ಆಫ್ರಿಕನ್ ಮೂಲದ ಅಮೆರಿಕನ್ನರು ತಮ್ಮ ಪೂರ್ವಜರನ್ನು ಹುಡುಕುವಾಗ ಹೆಸರು ಸಿಗುವ ಜಾಗಗಳು ಬಹಳ ಕಡಿಮೆ. ಆದ್ದರಿಂದ ತಮ್ಮ ಕುಟುಂಬದ ಉಯಿಲನ್ನೋ ಆಸ್ತಿಪಟ್ಟಿಯನ್ನೋ ನಕಲು ಮಾಡುವವರು ಈ ಹೆಸರುಗಳನ್ನೂ ಪೂರ್ತಿಯಾಗಿ ನಕಲು ಮಾಡಿ ಇತರರಿಗೆ ಸಿಗುವಂತೆ ಇಡುವುದು ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ದಾಖಲೆಗಳಿರುವ ಜಾಗಗಳನ್ನು ಹೇಳಬೇಕೆಂದರೆ, ಪೆನ್ಸಿಲ್ವೇನಿಯಾದ ವಾರಂಟ್, ಸರ್ವೆ, ಪೇಟೆಂಟ್ ಪುಸ್ತಕಗಳು ಹ್ಯಾರಿಸ್‌ಬರ್ಗ್‌ನ ರಾಜ್ಯ ದಾಖಲೆ ಭಂಡಾರದಲ್ಲಿವೆ, ಅವುಗಳಲ್ಲಿ ಬಹುಪಾಲಿನ ಚಿತ್ರಗಳನ್ನು ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು. ಕೌಂಟಿಗಳ ಕ್ರಯಪತ್ರ ಮತ್ತು ಉಯಿಲುಗಳ ಮೈಕ್ರೊಫಿಲ್ಮ್ ಚಿತ್ರಗಳನ್ನು ಫ್ಯಾಮಿಲಿಸರ್ಚ್ ತಾಣ ಉಚಿತವಾಗಿ ಒದಗಿಸುತ್ತದೆ. ಸಭೆಗಳ ನಡಾವಳಿಗಳಿಗೆ ಸ್ವಾರ್ತ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳ ಗ್ರಂಥಾಲಯಗಳು, ದಕ್ಷಿಣದ ಸಭೆಗಳಿಗೆ ಉತ್ತರ ಕ್ಯಾರೊಲೈನಾದ ಗಿಲ್ಫರ್ಡ್ ಕಾಲೇಜು. ಇಂಗ್ಲೆಂಡಿನ ಕ್ವೇಕರರು 1840ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಜನನ, ವಿವಾಹ, ಮರಣದ ಪುಸ್ತಕಗಳು ಈಗ ಲಂಡನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಕ್ಯಾಂಟರ್‌ಬರಿಯ ಪರಮೋಚ್ಚ ಧಾರ್ಮಿಕ ನ್ಯಾಯಾಲಯದಲ್ಲಿ ಸಿದ್ಧಪಟ್ಟ ಉಯಿಲುಗಳೂ ಅಲ್ಲಿಯೇ ಇವೆ. ಸೂಚಿಯಲ್ಲಿ ಸಿಕ್ಕ ಪುಟವನ್ನಷ್ಟೇ ತರಿಸಿಕೊಂಡು ಸುಮ್ಮನಾಗದೆ, ಅದರ ಹಿಂದಿನ ಎರಡು ಮುಂದಿನ ಎರಡು ಪುಟಗಳನ್ನೂ ನೋಡಬೇಕು; ಒಂದೇ ಕುಟುಂಬದವರು ಕಚೇರಿಗೆ ಒಂದೇ ದಿನ ಹೋಗಿ ತಮ್ಮ ಪತ್ರಗಳನ್ನೆಲ್ಲ ಒಟ್ಟಿಗೆ ನೋಂದಾಯಿಸಿದ ಉದಾಹರಣೆಗಳು ಸಾಕಷ್ಟಿವೆ.